ಪ್ರೊಸೆಸರ್ ತಣ್ಣಗಿದೆ, ಆದರೂ ಕಂಪ್ಯೂಟರ್ ನಿಧಾನ ಯಾಕೆ?

ಇವತ್ತಿನ ಸಂಚಿಕೆ ಮನೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇರೋರಿಗೆ, ಮತ್ತು ಗೇಮಿಂಗ್‌ಗೋ ಎಡಿಟಿಂಗ್‌ಗೋ ಒಂದು ಕಂಪ್ಯೂಟರ್ ಜೋಡಿಸಬೇಕು ಅಂತ ದುಡ್ಡು ಕೂಡಿಡ್ತಾ ಇರೋರಿಗೆ.

ಈ ಅನುಭವ ನಿಮಗೂ ಆಗಿರಬಹುದು. ಗೇಮ್ ಶುರು ಮಾಡಿದಾಗ ಎಲ್ಲ ಚೆನ್ನಾಗಿರುತ್ತೆ. ಇಪ್ಪತ್ತು ನಿಮಿಷ ಆಗ್ತಿದ್ದ ಹಾಗೆ ತಡವರಿಸೋಕೆ ಶುರು. ಸ್ವಲ್ಪ ಹೊತ್ತು ಸರಿಯಾಗುತ್ತೆ, ಮತ್ತೆ ತಡವರಿಸುತ್ತೆ. ಬಿಸಿ ಆಗಿರಬೇಕು ಅಂದ್ಕೊಂಡು ಪ್ರೊಸೆಸರ್‌ನ ಟೆಂಪರೇಚರ್ ನೋಡಿದ್ರೆ 65 ಡಿಗ್ರಿ. ಪ್ರೊಸೆಸರ್‌ಗೆ 65 ಡಿಗ್ರಿ ಏನೇನೂ ಅಲ್ಲ. ಹಾಗಾದ್ರೆ ಬಿಸಿ ಕಾರಣ ಅಲ್ಲ ಅಂತ ತೀರ್ಮಾನ ಮಾಡಿ, ವೈರಸ್ ಹುಡುಕ್ತೀವಿ, ವಿಂಡೋಸ್ ಹೊಸದಾಗಿ ಹಾಕ್ತೀವಿ, ರ‍್ಯಾಮ್ ಹೆಚ್ಚಿಸ್ತೀವಿ. ಕೊನೆಗೆ ಯಾರೋ ಹೇಳ್ತಾರೆ, ‘ಪ್ರೊಸೆಸರ್ ಹಳೇದಾಯ್ತು, ಹೊಸದು ಹಾಕಿ’ ಅಂತ.

ದುಡ್ಡು ಕೊಡೋಕೆ ಮುಂಚೆ ಪ್ರೊಸೆಸರ್‌ನ ಪಕ್ಕದಲ್ಲೇ ಕೂತಿರೋ ಒಂದಷ್ಟು ಪುಟ್ಟ ಪುಟ್ಟ ಬಿಡಿಭಾಗಗಳ ಕಡೆ ನೋಡಿ. ಅವುಗಳ ಗುಂಪಿಗೆ ವಿಆರ್‌ಎಂ ಅಂತ ಹೆಸರು. ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್. ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಬಡಿಸೋದೇ ಇವುಗಳ ಕೆಲಸ. ಎಷ್ಟೋ ಸಲ ಬಿಸಿ ತಡೆಯೋಕಾಗದೆ ಕೈ ಎತ್ತೋದು ಇವು. ಪೆಟ್ಟು ಬೀಳೋದು ಪ್ರೊಸೆಸರ್‌ನ ಸ್ಪೀಡಿಗೆ.

ಪ್ರೊಸೆಸರ್‌ನ ಟಿ.ಸಿ.

ನಿಮ್ಮ ಬೀದಿ ಕೊನೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತಲ್ಲ, ಊರಲ್ಲಿ ಎಲ್ಲರೂ ಟಿ.ಸಿ. ಅಂತಾರೆ. ಅದಕ್ಕೆ ಬರೋದು 11 ಸಾವಿರ ವೋಲ್ಟ್ ಲೈನ್. ಅದು ಇಳಿಸಿ ಕೊಟ್ಟ ಮೇಲೆ ನಮ್ಮ ಮನೆಗೆ 230 ವೋಲ್ಟ್ ಬರುತ್ತೆ. ಕಂಪ್ಯೂಟರ್ ಒಳಗೂ ಇದೇ ವ್ಯವಸ್ಥೆ ಮುಂದುವರಿಯುತ್ತೆ. ಗೋಡೆಯ 230 ವೋಲ್ಟನ್ನು ಎಸ್‌ಎಂಪಿಎಸ್ 12 ವೋಲ್ಟಿಗೆ ಇಳಿಸುತ್ತೆ. ಆದ್ರೆ ಪ್ರೊಸೆಸರ್ ಕೇಳೋದು ಹೆಚ್ಚುಕಮ್ಮಿ 1 ವೋಲ್ಟ್. ಕೆಲಸ ಹೆಚ್ಚಾದಾಗ 1.2, 1.3, ಸುಮ್ನೆ ಇದ್ದಾಗ ಇನ್ನೂ ಕಡಿಮೆ. 12ರಿಂದ 1ಕ್ಕೆ ಇಳಿಸೋ ಆ ಕೊನೆಯ ಟಿ.ಸಿ. ಇದೆಯಲ್ಲ, ಅದೇ ವಿಆರ್‌ಎಂ.

ಎಸ್‌ಎಂಪಿಎಸ್‌ನಿಂದಲೇ ನೇರವಾಗಿ 1 ವೋಲ್ಟ್ ಕಳಿಸಬಹುದಲ್ವಾ ಅಂತ ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಒಂದು ಪ್ರೊಸೆಸರ್ 120 ವ್ಯಾಟ್ ಎಳೆಯುತ್ತೆ ಅಂತಿಟ್ಕೊಳ್ಳಿ. 1.2 ವೋಲ್ಟ್‌ನಲ್ಲಿ 120 ವ್ಯಾಟ್ ಅಂದ್ರೆ 100 ಆಂಪಿಯರ್! ಮನೆಯ 2,000 ವ್ಯಾಟ್ ಗೀಸರ್ ಎಳೆಯೋದೇ 9 ಆಂಪಿಯರ್ ಒಳಗೆ. ವೋಲ್ಟೇಜ್ ಕಡಿಮೆ ಆದ್ದರಿಂದ ಒಟ್ಟು ಶಕ್ತಿ ಕಡಿಮೆನೇ, ಆದ್ರೆ ಕರೆಂಟ್ ಮಾತ್ರ ವಿಪರೀತ. ಅಷ್ಟನ್ನ ಎಸ್‌ಎಂಪಿಎಸ್‌ನಿಂದ ತರೋಕೆ ಹೆಬ್ಬೆರಳು ದಪ್ಪದ ತಂತಿ ಬೇಕಾಗುತ್ತೆ. ಅದೇ 120 ವ್ಯಾಟನ್ನ 12 ವೋಲ್ಟ್‌ನಲ್ಲಿ ತಂದರೆ 10 ಆಂಪಿಯರ್ ಸಾಕು. ಅದಕ್ಕೇ 12 ವೋಲ್ಟನ್ನ ಪ್ರೊಸೆಸರ್‌ನ ಬಾಗಿಲ ತನಕ ತಂದು, ಅಲ್ಲೇ ಇಳಿಸ್ತಾರೆ.

ಇಳಿಸೋದು ಹೇಗೆ? ಇಲ್ಲಿ ಮಾಸ್‌ಫೆಟ್ ಅನ್ನೋ ಪುಟ್ಟ ಸ್ವಿಚ್‌ಗಳಿವೆ. ಇವು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್, ಆಫ್ ಆಗ್ತಾ ಇರುತ್ತವೆ. 12 ವೋಲ್ಟನ್ನ ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಆನ್ ಇಟ್ಟರೆ ಸರಾಸರಿ 1.2 ವೋಲ್ಟ್ ಸಿಗುತ್ತೆ. ನಲ್ಲಿಯನ್ನ ಪಟಪಟ ಅಂತ ತೆರೆದು ಮುಚ್ಚಿ ಬಕೆಟ್‌ನಲ್ಲಿ ನೀರಿನ ಮಟ್ಟ ಒಂದೇ ಸಮ ಇಟ್ಟ ಹಾಗೆ. ಹೀಗೆ ಬಿಟ್ಟು ಬಿಟ್ಟು ಬರೋ ಕರೆಂಟನ್ನ ನಯ ಮಾಡೋಕೆ ಚೋಕ್ ಅನ್ನೋ ಚೌಕಾಕಾರದ ಡಬ್ಬಿಗಳಿವೆ, ಕೆಪಾಸಿಟರ್ ಅನ್ನೋ ಪುಟ್ಟ ಉರುಳೆಗಳಿವೆ.

ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು ನೋಡಿ. ಪ್ರೊಸೆಸರ್ ಕೂತಿರೋ ಜಾಗಕ್ಕೂ, ಹಿಂದೆ ಯುಎಸ್‌ಬಿ, ಲ್ಯಾನ್ ಕೇಬಲ್ ಚುಚ್ಚೋ ಜಾಗಕ್ಕೂ ಮಧ್ಯೆ ಸಾಲಾಗಿ ಕಾಣೋದು ಇವೇ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನ ಮೇಲ್ಗಡೆಯೂ ಒಂದು ಸಾಲು ಇರುತ್ತೆ. ಒಳ್ಳೆ ಬೋರ್ಡ್ ಆದ್ರೆ ಮಾಸ್‌ಫೆಟ್‌ಗಳ ಮೇಲೆ ಲೋಹದ ಹೀಟ್‌ಸಿಂಕ್ ಇರುತ್ತೆ. ಅಗ್ಗದ ಬೋರ್ಡ್‌ಗಳಲ್ಲಿ ಎಷ್ಟೋ ಸಲ ಏನೂ ಇರಲ್ಲ, ಕಪ್ಪು ಚಿಪ್‌ಗಳು ಬರಿಮೈಯಲ್ಲಿ ಕೂತಿರುತ್ತವೆ.

ಬಿಸಿ ಎಲ್ಲಿಂದ ಬರುತ್ತೆ?

ಯಾವ ಟಿ.ಸಿ.ಯೂ ನೂರಕ್ಕೆ ನೂರು ದಾಟಿಸಲ್ಲ. ವಿಆರ್‌ಎಂ ಕೂಡ ಅಷ್ಟೇ. ನೂರಕ್ಕೆ 90 ದಾಟಿಸುತ್ತೆ ಅಂತ ಇಟ್ಕೊಂಡ್ರೆ, ಪ್ರೊಸೆಸರ್‌ಗೆ 200 ವ್ಯಾಟ್ ಕೊಡೋಕೆ 222 ವ್ಯಾಟ್ ಒಳಗೆ ತಗೋಬೇಕು. ಉಳಿದ 22 ವ್ಯಾಟ್ ಅಲ್ಲೇ ಬಿಸಿಯಾಗಿ ಹೋಗುತ್ತೆ. 22 ಅಂದ್ರೆ ಏನು ಮಹಾ ಅನಿಸಬಹುದು. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಬಳಸೋ ಸಾಮಾನ್ಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಸೀಸ ಕರಗಿಸೋಕೆ ಅದು ಸಾಕು. ಹೆಚ್ಚುಕಮ್ಮಿ ಅಷ್ಟೇ ಬಿಸಿ ನಿಮ್ಮ ಮದರ್‌ಬೋರ್ಡ್‌ನ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಹುಟ್ತಾ ಇರುತ್ತೆ.

ಇಲ್ಲಿ ನೆನಪಿಡಬೇಕಾದ ಒಂದು ನಿಯಮ ಇದೆ. ಕರೆಂಟ್ ಹರಿದಾಗ ಆಗೋ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ. ಕರೆಂಟ್ ಎರಡು ಪಟ್ಟಾದರೆ ಈ ನಷ್ಟ ನಾಲ್ಕು ಪಟ್ಟು. ಅದಕ್ಕೇ ಕಂಪನಿಗಳು ಕೆಲಸವನ್ನ ಹಂಚ್ತಾರೆ. ಲಾರಿಯಿಂದ ಮೂಟೆ ಇಳಿಸೋಕೆ ನಾಲ್ಕು ಜನ ಹಮಾಲರ ಬದಲು ಎಂಟು ಜನ ಇದ್ದ ಹಾಗೆ. ಒಬ್ಬೊಬ್ಬ ಹಮಾಲನ ಜಾಗಕ್ಕೆ ಇಲ್ಲಿ ಫೇಸ್ ಅಂತಾರೆ. ಅದೇ ಮಾಸ್‌ಫೆಟ್ ಬಳಸಿ ನಾಲ್ಕು ಫೇಸ್ ಬದಲು ಎಂಟು ಫೇಸ್ ಮಾಡಿದರೆ, ಈ ಬಗೆಯ ನಷ್ಟ ಅರ್ಧಕ್ಕೆ ಇಳಿಯುತ್ತೆ. ಇರೋ ಬಿಸಿಯೂ ಒಂದೇ ಕಡೆ ಗುಡ್ಡೆ ಬೀಳದೆ ಹರಡಿಕೊಳ್ಳುತ್ತೆ.

ಇನ್ನೊಂದು ತೊಂದರೆ ಇದೆ. ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ಒಳಗಿನ ತಡೆ, ಅಂದ್ರೆ ರೆಸಿಸ್ಟೆನ್ಸ್, ಹೆಚ್ಚಾಗುತ್ತೆ. ತಡೆ ಹೆಚ್ಚಾದ್ರೆ ಬಿಸಿ ಇನ್ನೂ ಹೆಚ್ಚು. ಬಡ್ಡಿ ಮೇಲೆ ಬಡ್ಡಿ ಬೆಳೆದ ಹಾಗೆ. ಗಾಳಿ ಆಡದೇ ಇದ್ರೆ ಇದು ಏರ್ತಾನೇ ಹೋಗುತ್ತೆ.

ಹಾಗಂತ ತಕ್ಷಣ ಸುಟ್ಟು ಹೋಗಲ್ಲ. ಈಗಿನ ಬೋರ್ಡ್‌ಗಳಲ್ಲಿ ಕಾವಲು ಇದೆ. ವಿಆರ್‌ಎಂ ಮಿತಿ ಮೀರಿ ಬಿಸಿಯಾದಾಗ ಅದು ಪ್ರೊಸೆಸರ್‌ಗೆ ಒಂದು ಸಂಕೇತ ಕಳಿಸುತ್ತೆ. ‘ನನ್ನ ಕೈಲಾಗ್ತಾ ಇಲ್ಲ, ಸ್ವಲ್ಪ ಕಡಿಮೆ ಎಳಿ’ ಅಂತ. ಪ್ರೊಸೆಸರ್ ಮಾತು ಕೇಳುತ್ತೆ, ಸ್ಪೀಡ್ ಇಳಿಸುತ್ತೆ. ಸ್ಪೀಡ್ ಇಳಿಸಿದ್ದರಿಂದ ಪ್ರೊಸೆಸರ್ ಇನ್ನಷ್ಟು ತಣ್ಣಗಾಗುತ್ತೆ. ನಾವು ನೋಡೋದು ಪ್ರೊಸೆಸರ್‌ನ ಟೆಂಪರೇಚರ್ ಒಂದನ್ನೇ. ಅದು ತಣ್ಣಗೆ ಕಾಣುತ್ತೆ, ಮೋಸ ಹೋಗ್ತೀವಿ.

2017ರಲ್ಲಿ ಆದ ಗಲಾಟೆ

ಇದು ಅಗ್ಗದ ಬೋರ್ಡ್‌ಗಳ ಸಮಸ್ಯೆ ಮಾತ್ರ ಅಂದ್ಕೋಬೇಡಿ. 2017ರಲ್ಲಿ ಇಂಟೆಲ್ ಕಂಪನಿ ಎಕ್ಸ್299 ಅನ್ನೋ ದುಬಾರಿ ವೇದಿಕೆ ತಂತು. ಅದರ ಕೋರ್ ಐ9-7900ಎಕ್ಸ್ ಪ್ರೊಸೆಸರ್‌ನಲ್ಲಿ 10 ಕೋರ್, ಡಬ್ಬಿ ಮೇಲೆ 140 ವ್ಯಾಟ್. ಓವರ್‌ಕ್ಲಾಕ್ ಮಾಡಿದ್ರೆ, ಅಂದ್ರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸಿದ್ರೆ, 250 ವ್ಯಾಟ್ ದಾಟಿ ಹೋಗ್ತಿತ್ತು.

ಆಗ ಜರ್ಮನಿಯ ಹೆಸರಾಂತ ಓವರ್‌ಕ್ಲಾಕರ್ ರೋಮನ್ ಹಾರ್ಟುಂಗ್ ಒಂದು ವಿಡಿಯೊ ಹಾಕಿದರು. ಜಾಲದಲ್ಲಿ ಅವರ ಹೆಸರು ಡೆರ್ ಬೌವರ್. ಜರ್ಮನ್ ಭಾಷೆಯಲ್ಲಿ ಬೌವರ್ ಅಂದ್ರೆ ರೈತ. ಎಕ್ಸ್299 ಬೋರ್ಡ್‌ಗಳ ವಿಆರ್‌ಎಂ ಒಂದು ಅನಾಹುತ ಅಂತಲೇ ಅವರು ಕರೆದರು. ದೂರು ಸರಳವಾಗಿತ್ತು. ವಿಆರ್‌ಎಂ ಮೇಲೆ ಕೂರಿಸಿದ್ದ ಹೀಟ್‌ಸಿಂಕ್‌ಗಳು ನೋಡೋಕೆ ಚೆಂದ, ಕೆಲಸಕ್ಕೆ ಸಾಲದು. ಅವು ರೆಕ್ಕೆಗಳಿಲ್ಲದ ಗಟ್ಟಿ ಲೋಹದ ತುಂಡುಗಳಾಗಿದ್ದವು.

ರೆಕ್ಕೆ ಯಾಕೆ ಬೇಕು? ಲೋಹದಿಂದ ಬಿಸಿ ಹೊರಗೆ ಹೋಗೋದು ಗಾಳಿ ತಾಗೋ ಮೈಯಿಂದ. ಗಟ್ಟಿ ತುಂಡು ಮೊದಲು ಬಿಸಿಯನ್ನ ನುಂಗಿಕೊಳ್ಳುತ್ತೆ. ಅದಕ್ಕೇ ಹತ್ತು ನಿಮಿಷದ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತೆ. ಒಂದು ಸಲ ತುಂಬಿಕೊಂಡ ಮೇಲೆ ಹೊರಗೆ ಬಿಡೋಕೆ ದಾರಿ ಸಾಲಲ್ಲ. ತೆಳು ತೆಳು ರೆಕ್ಕೆಗಳಿದ್ದರೆ ಗಾಳಿ ತಾಗೋ ಜಾಗ ಎಷ್ಟೋ ಪಟ್ಟು ಹೆಚ್ಚು. ಆ ಗಲಾಟೆಯ ನಂತರದ ವರ್ಷಗಳಲ್ಲಿ ದೊಡ್ಡ ಬೋರ್ಡ್‌ಗಳಲ್ಲಿ ರೆಕ್ಕೆಯ ಹೀಟ್‌ಸಿಂಕ್‌ಗಳು ಮತ್ತೆ ಕಾಣಿಸಿಕೊಂಡವು. ವಿಮರ್ಶಕರೂ ವಿಆರ್‌ಎಂ ಬಿಸಿಯನ್ನ ಅಳೆದು ಹೇಳೋದನ್ನ ರೂಢಿ ಮಾಡಿಕೊಂಡರು.

ದುಬಾರಿ ಕೂಲರ್ ಹಾಕಿದ ಮೇಲೆ ಬಿಸಿ ಜಾಸ್ತಿ!

ನನಗೆ ತುಂಬಾ ವಿಚಿತ್ರ ಅನಿಸೋ ಭಾಗ ಇದು. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರೋ ಸಣ್ಣ ಫ್ಯಾನ್ ಇದೆಯಲ್ಲ, ಎಲ್ಲರೂ ಬೈಯೋ ಫ್ಯಾನ್, ಅದು ಗಾಳಿಯನ್ನ ಬೋರ್ಡ್ ಕಡೆಗೇ ಊದುತ್ತೆ. ಆ ಗಾಳಿ ಬೋರ್ಡಿಗೆ ಬಡಿದು ಸುತ್ತಲೂ ಹರಡುತ್ತೆ. ಪಕ್ಕದಲ್ಲಿರೋ ವಿಆರ್‌ಎಂಗೂ ಒಂದಿಷ್ಟು ತಾಗುತ್ತೆ. ಯಾರೂ ಕೇಳದೆ ಸಿಗೋ ಸೇವೆ ಅದು.

ಅದನ್ನ ತೆಗೆದು ನೀರಿನ ಕೂಲರ್, ಅಂದ್ರೆ ಲಿಕ್ವಿಡ್ ಕೂಲರ್ ಹಾಕಿದಿರಿ ಅಂತಿಟ್ಕೊಳ್ಳಿ. ಪ್ರೊಸೆಸರ್‌ನ ಬಿಸಿಯನ್ನ ನೀರು ಪೈಪಿನ ಮೂಲಕ ಹೊತ್ಕೊಂಡು ಕ್ಯಾಬಿನೆಟ್‌ನ ಮೇಲೋ ಮುಂದೋ ಇರೋ ರೇಡಿಯೇಟರ್‌ಗೆ ಒಯ್ಯುತ್ತೆ. ಪ್ರೊಸೆಸರ್ ತಣ್ಣಗಾಯ್ತು. ಆದ್ರೆ ಅದರ ಸುತ್ತ ಆಡ್ತಿದ್ದ ಗಾಳಿ ನಿಂತೇ ಹೋಯ್ತು. ಜೊತೆಗೆ ಪ್ರೊಸೆಸರ್ ತಣ್ಣಗಿದೆ ಅಂತ ಅದು ಹೆಚ್ಚು ಹೊತ್ತು ಜೋರಾಗಿ ಓಡುತ್ತೆ, ಹೆಚ್ಚು ಕರೆಂಟ್ ಎಳೆಯುತ್ತೆ. ವಿಆರ್‌ಎಂಗೆ ಕೆಲಸ ಜಾಸ್ತಿ, ಗಾಳಿ ಕಮ್ಮಿ. ಎತ್ತರದ ಟವರ್ ಕೂಲರ್‌ಗಳು ಗಾಳಿಯನ್ನ ಅಡ್ಡಡ್ಡ ಊದುತ್ತವೆ. ಹಿಂದೆ ಎಕ್ಸಾಸ್ಟ್ ಫ್ಯಾನ್ ಇದ್ದರೆ ವಿಆರ್‌ಎಂ ಸುತ್ತಲಿನ ಬಿಸಿಗಾಳಿಯೂ ಅದರ ಜೊತೆ ಹೊರಗೆ ಹೋಗುತ್ತೆ. ಇಲ್ಲದಿದ್ದರೆ ಅಲ್ಲೂ ಕಷ್ಟವೇ.

ರಾಯಚೂರಿನ ಒಂದು ಏಪ್ರಿಲ್

ನಮ್ಮ ದೊಡ್ಡಮ್ಮನ ಮಗ ರಾಯಚೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡ್ತಾನೆ. ಮದುವೆ ಸೀಜನ್ ಬರೋದೇ ಬೇಸಿಗೆಯಲ್ಲಿ. ಅಲ್ಲಿ ಏಪ್ರಿಲ್, ಮೇ ಅಂದ್ರೆ 40 ಡಿಗ್ರಿ ದಾಟಿರುತ್ತೆ. ಫೋನ್ ಮಾಡಿ ಹೇಳಿದ: ‘ತಮ್ಮಾ, ಮುಂಜಾನೆ ಛಲೋ ಓಡ್ತದ, ಮಧ್ಯಾಹ್ನ ಆತಂದ್ರ ಸತ್ತಂಗ ಆಗ್ತದ. ಪ್ರೊಸೆಸರ್ ಬದಲಿ ಮಾಡ್ಬೇಕು, ಇಪ್ಪತ್ತೆಂಟು ಸಾವಿರ ಆಗ್ತದ ಅಂತ ಅಂಗಡ್ಯಾಗ ಹೇಳ್ಯಾರ.’ ಒಂದು ಸೀಜನ್‌ನಲ್ಲಿ ಅವನ ಕೈಗೆ ಉಳಿಯೋ ದುಡ್ಡಿನಲ್ಲಿ 28 ಸಾವಿರ ಸಣ್ಣದೇನಲ್ಲ. ‘ಅಣ್ಣಾ, ಇವತ್ತೊಂದಿನ ರೊಕ್ಕ ಕೊಡಬ್ಯಾಡ, ತಡಿ’ ಅಂದೆ.

ಹಿಂದಿನ ದೀಪಾವಳಿಯಲ್ಲಿ ಅದಕ್ಕೆ ಲಿಕ್ವಿಡ್ ಕೂಲರ್ ಹಾಕಿಸಿದ್ದ. ಬೋರ್ಡ್ ಅಗ್ಗದ್ದು, ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರಲಿಲ್ಲ. ಕ್ಯಾಬಿನೆಟ್ ಕೂತಿದ್ದು ಕಂಪ್ಯೂಟರ್ ಟೇಬಲ್‌ನ ಕೆಳಗಿನ ಮರದ ಗೂಡಿನಲ್ಲಿ, ಬೆನ್ನು ಗೋಡೆಗೆ ಒತ್ತಿಕೊಂಡು. ವಿಡಿಯೊ ಕಾಲ್‌ನಲ್ಲೇ ಪರೀಕ್ಷೆ ಮಾಡಿದ್ವಿ. ಅದನ್ನ ನೀವೂ ಮಾಡಬಹುದು.

ಮೊದಲು ಎಚ್‌ಡಬ್ಲ್ಯೂಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಪ್ರೊಸೆಸರ್‌ನ ಟೆಂಪರೇಚರ್, ಸ್ಪೀಡ್, ಎಳೀತಾ ಇರೋ ವ್ಯಾಟ್ ಮೂರನ್ನೂ ಒಟ್ಟಿಗೆ ನೋಡಿ. ವಿಡಿಯೊ ರೆಂಡರ್‌ಗೆ ಹಾಕಿ ಅರ್ಧ ಗಂಟೆ ಬಿಡಿ. ಟೆಂಪರೇಚರ್ 60, 70ರಲ್ಲೇ ಇದ್ದು, ಸ್ಪೀಡ್ ಮತ್ತು ವ್ಯಾಟ್ ಎರಡೂ ದಿಢೀರ್ ಅಂತ ಬಿದ್ದರೆ ಅನುಮಾನ ವಿಆರ್‌ಎಂ ಮೇಲೆ. ಬೋರ್ಡ್‌ನಲ್ಲಿ ಸೆನ್ಸರ್ ಇದ್ದರೆ ವಿಆರ್‌ಎಂ ಅಥವಾ ಮಾಸ್ ಅನ್ನೋ ಹೆಸರಿನ ಸಾಲೂ ಕಾಣುತ್ತೆ. ಜೋರು ಕೆಲಸದಲ್ಲಿ 80, 90 ಡಿಗ್ರಿ ಇದ್ದರೆ ಗಾಬರಿ ಬೇಡ, ಮಾಸ್‌ಫೆಟ್‌ಗಳು ಅದನ್ನ ತಡೀತವೆ. 100 ದಾಟಿ ನಿಂತರೆ ಏನಾದ್ರೂ ಮಾಡಬೇಕು. ಇಂಟೆಲ್ ಪ್ರೊಸೆಸರ್ ಆದ್ರೆ ‘ವಿಆರ್ ಥರ್ಮಲ್ ಅಲರ್ಟ್’ ಅನ್ನೋ ಸಾಲಿನಲ್ಲಿ ‘ಯೆಸ್’ ಬಂದಿದೆಯಾ ನೋಡಿ. ಬಂದಿದ್ರೆ ಅನುಮಾನವೇ ಬೇಡ.

ಸೆನ್ಸರ್ ಇಲ್ಲದಿದ್ದರೆ? ಅಣ್ಣನ ಬೋರ್ಡ್‌ನಲ್ಲೂ ಇರಲಿಲ್ಲ. ಆಗ ಮನೆಯ ಟೇಬಲ್ ಫ್ಯಾನ್ ಸಾಕು. ಸ್ಪೀಡ್ ಬಿದ್ದ ಹೊತ್ತಿಗೆ ಕ್ಯಾಬಿನೆಟ್ ಬಾಗಿಲು ತೆಗೆದು, ಪ್ರೊಸೆಸರ್‌ನ ಪಕ್ಕಕ್ಕೆ ನೇರವಾಗಿ ಫ್ಯಾನ್ ಬಿಡಿ. ಕೆಲವು ನಿಮಿಷದಲ್ಲಿ ಸ್ಪೀಡ್ ತಾನಾಗೇ ಮೇಲೆ ಬಂದರೆ ಬಿಸಿಯೇ ಕಾರಣ ಅಂತ ಗೊತ್ತಾಯ್ತು. ಪ್ರೊಸೆಸರ್ ಮೊದಲೇ ತಣ್ಣಗಿತ್ತಲ್ಲ, ಹಾಗಾಗಿ ಆ ಬಿಸಿ ಪಕ್ಕದವರದ್ದು. ಅಣ್ಣನ ಮಷೀನ್ ಐದು ನಿಮಿಷದಲ್ಲಿ ಹಳೇ ಸ್ಪೀಡಿಗೆ ಬಂತು. ಹೊಸ, ಇನ್ನೂ ಜೋರಿನ ಪ್ರೊಸೆಸರ್ ಅದೇ ಬೋರ್ಡಿಗೆ ಹಾಕಿದ್ದರೆ ಅದು ಇನ್ನೂ ಹೆಚ್ಚು ಕರೆಂಟ್ ಎಳೆದು, ಇನ್ನೂ ಬೇಗ ಬೀಳ್ತಿತ್ತು. 28 ಸಾವಿರ ಕೊಟ್ಟು ಸಮಸ್ಯೆ ದೊಡ್ಡದು ಮಾಡಿಕೊಂಡ ಹಾಗೆ.

ಬೆಳಗ್ಗೆ ಸರಿ, ಮಧ್ಯಾಹ್ನ ನಿಧಾನ, ಇದಕ್ಕೂ ಲೆಕ್ಕ ಇದೆ. ವಿಆರ್‌ಎಂ ಎಷ್ಟು ಬಿಸಿ ಅನ್ನೋದು ಸುತ್ತಲಿನ ಗಾಳಿಯ ಮೇಲೆ ನಿಂತಿದೆ. 25 ಡಿಗ್ರಿಯ ರೂಮಿನಲ್ಲಿ 90 ಇರೋ ವಿಆರ್‌ಎಂ, 40 ಡಿಗ್ರಿಯ ರೂಮಿನಲ್ಲಿ ಅದೇ ಕೆಲಸಕ್ಕೆ 105 ಆಗುತ್ತೆ. ತಣ್ಣನೆ ಲ್ಯಾಬ್‌ನಲ್ಲಿ ಕೂತು ವಿದೇಶಿ ಯೂಟ್ಯೂಬರ್ ‘ಈ ಬೋರ್ಡ್ ಓಕೆ’ ಅಂದಾಗ, ನಾವು ನಮ್ಮೂರಿನ ಬಿಸಿಲನ್ನ ಅದಕ್ಕೆ ಕೂಡಿಸಿಕೊಂಡು ನೋಡಬೇಕು.

ಬರೀ ಸ್ಪೀಡ್ ಅಲ್ಲ, ಆಯಸ್ಸೂ

ನಿಧಾನ ಆದ್ರೆ ಆಗಲಿ, ಸಹಿಸ್ಕೋತೀನಿ ಅನ್ನೋರು ಕೆಪಾಸಿಟರ್‌ಗಳ ಬಗ್ಗೆ ಕೇಳಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಊದಿಕೊಂಡು, ಸೋರಿ, ಜಗತ್ತಿನಾದ್ಯಂತ ಅಸಂಖ್ಯ ಬೋರ್ಡ್‌ಗಳು ಸತ್ತವು. ಈಗ ವಿಆರ್‌ಎಂಗಳಲ್ಲಿ ಹೆಚ್ಚಾಗಿ ಬಳಸೋದು ಗಟ್ಟಿ ಪಾಲಿಮರ್ ಕೆಪಾಸಿಟರ್. ಅವು ಸೋರಲ್ಲ, ಆದ್ರೆ ಬಿಸಿಗೆ ಸವೀತವೆ. 105 ಡಿಗ್ರಿಯಲ್ಲಿ 5,000 ಗಂಟೆ ಬಾಳುತ್ತೆ ಅಂತ ಬರೆದಿದ್ದರೆ, ದಿನವಿಡೀ ಓಡಿಸಿದ್ರೆ ಏಳು ತಿಂಗಳೂ ಆಗಲ್ಲ. ಬಿಸಿ 20 ಡಿಗ್ರಿ ಇಳಿದರೆ ಇವುಗಳ ಆಯಸ್ಸು ಸುಮಾರು ಹತ್ತು ಪಟ್ಟು ಆಗುತ್ತೆ ಅನ್ನೋದು ಇಂಜಿನಿಯರ್‌ಗಳ ಅಂದಾಜು ಸೂತ್ರ. ಅಂದ್ರೆ 85 ಡಿಗ್ರಿಯಲ್ಲಿ 50,000 ಗಂಟೆ, ಐದೂವರೆ ವರ್ಷಕ್ಕೂ ಹೆಚ್ಚು. ಒಂದು ಫ್ಯಾನ್ ಮಾಡೋ ವ್ಯತ್ಯಾಸ ಇಷ್ಟು.

ಏನು ಮಾಡಬೇಕು? ಖರ್ಚಿಲ್ಲದ್ದರಿಂದ ಶುರು

ಒಂದನೇದು, ಜಾಗ. ಮರದ ಗೂಡಿನಿಂದ ಕ್ಯಾಬಿನೆಟ್ ಹೊರಗೆ ತೆಗೀರಿ. ಹಿಂದೆ ಗೋಡೆಯಿಂದ ಒಂದು ಗೇಣು ಬಿಡಿ. ಒಳಗಿನ ಬಿಸಿಗಾಳಿಯನ್ನೇ ಮತ್ತೆ ಎಳ್ಕೊಳ್ಳೋ ಹಾಗಿದ್ದರೆ ಯಾವ ಫ್ಯಾನೂ ಏನೂ ಮಾಡಲ್ಲ.

ಎರಡನೇದು, ಧೂಳು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಬ್ಲೋವರ್‌ನಿಂದ ಊದಿ, ಮೆತ್ತನೆ ಬ್ರಷ್‌ನಿಂದ ಬಿಡಿಸಿ. ಊದುವಾಗ ಫ್ಯಾನ್‌ನ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಜೋರಾಗಿ ತಿರುಗಿದ್ರೆ ಬೇರಿಂಗ್ ಹಾಳಾಗುತ್ತೆ. ವಿಆರ್‌ಎಂ ಹೀಟ್‌ಸಿಂಕ್‌ನ ಸಂದುಗಳನ್ನ ಮರೀಬೇಡಿ.

ಮೂರನೇದು, ವಿದ್ಯುತ್ ಮಿತಿ. ಇದೂ ಉಚಿತ. ಬಯಾಸ್‌ಗೆ ಹೋಗಿ ಪ್ರೊಸೆಸರ್ ಎಳೆಯೋ ವ್ಯಾಟ್‌ಗೆ ಮಿತಿ ಹಾಕಬಹುದು. ಎಎಂಡಿಯ ರೈಜೆನ್‌ಗಳಲ್ಲಿ ಇಕೋ ಮೋಡ್ ಅಂತಲೇ ಇದೆ. 105 ವ್ಯಾಟ್ ಅಂತ ಬರೆದಿರೋ ರೈಜೆನ್ 5900ಎಕ್ಸ್ ನಿಜವಾಗಿ 142 ವ್ಯಾಟ್ ತನಕ ಎಳೀಬಹುದು, 65 ವ್ಯಾಟ್ ಇಕೋ ಮೋಡ್‌ನಲ್ಲಿ ಅದು 88ಕ್ಕೆ ನಿಲ್ಲುತ್ತೆ. ಆ ವರ್ಗದ ಲೆಕ್ಕ ನೆನಪಿದೆಯಲ್ಲ? ಕರೆಂಟ್ ನೂರರಿಂದ 70ಕ್ಕೆ ಇಳಿದ್ರೆ, ಅದರಿಂದ ಆಗೋ ನಷ್ಟ ಅರ್ಧಕ್ಕೆ ಇಳಿಯುತ್ತೆ. ಸ್ಪೀಡ್ ಮಾತ್ರ ಅಷ್ಟೊಂದು ಬೀಳಲ್ಲ, ಯಾಕಂದ್ರೆ ಕೊನೆಯ ಒಂದಿಷ್ಟು ಸ್ಪೀಡಿಗೇ ಪ್ರೊಸೆಸರ್ ಹೆಚ್ಚು ಶಕ್ತಿ ಸುರಿಯೋದು. ಹತ್ತು ನಿಮಿಷ ಓಡಿ ಸುಸ್ತಾಗೋದಕ್ಕಿಂತ ಒಂದೇ ಸಮ ನಡೆದ ಕಂಪ್ಯೂಟರ್ ರೆಂಡರನ್ನ ಬೇಗ ಮುಗಿಸುತ್ತೆ.

ನಾಲ್ಕನೇದು, ಫ್ಯಾನ್. ಹಿಂಭಾಗದಲ್ಲಿ 120 ಮಿಲಿಮೀಟರ್‌ನ ಒಂದು ಎಕ್ಸಾಸ್ಟ್ ಫ್ಯಾನ್ ಇರಲೇಬೇಕು, ಅದು ವಿಆರ್‌ಎಂ ಪಕ್ಕದಲ್ಲೇ ಕೂರುತ್ತೆ. ಮುಂದೆ ಗಾಳಿ ಒಳಗೆ ಎಳೆಯೋಕೆ ಒಂದೋ ಎರಡೋ. ಬಿಸಿಗಾಳಿ ಮೇಲಕ್ಕೆ ಏರೋದ್ರಿಂದ ಮೇಲೆ ಜಾಗ ಇದ್ದರೆ ಅಲ್ಲೂ ಹೊರಗೆ ತಳ್ಳೋದೊಂದು. ಲಿಕ್ವಿಡ್ ಕೂಲರ್ ಇರೋರು ಒಂದು ಸಣ್ಣ 40 ಮಿಲಿಮೀಟರ್ ಫ್ಯಾನನ್ನ ವಿಆರ್‌ಎಂಗೆ ನೇರವಾಗಿ ತಿರುಗಿಸಿ ಕೂರಿಸಬಹುದು. ಇದೆಲ್ಲ ನೂರರ ಲೆಕ್ಕದ ಖರ್ಚು, ಸಾವಿರಗಳ ಲೆಕ್ಕ ಅಲ್ಲ. ಅಣ್ಣನಿಗೆ ಮಾಡಿದ್ದೂ ಇಷ್ಟೇ: ಗೂಡಿನಿಂದ ಹೊರಗೆ, ಹಿಂದೆ ಒಂದು ಫ್ಯಾನ್, ಬಯಾಸ್‌ನಲ್ಲಿ ಮಿತಿ.

ಐದನೇದು, ಹೀಟ್‌ಸಿಂಕ್. ಬರಿಮೈ ಮಾಸ್‌ಫೆಟ್‌ಗಳಿಗೆ ಅಂಟಿಸೋ ಪುಟ್ಟ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಿಗುತ್ತೆ. ಹುಷಾರಾಗಿರಿ. ಕ್ಯಾಬಿನೆಟ್‌ನಲ್ಲಿ ಬೋರ್ಡ್ ನಿಂತಿರುತ್ತೆ. ಅಂಟು ಬಿಸಿಗೆ ಸಡಿಲವಾಗಿ ಆ ಲೋಹದ ತುಂಡು ಕೆಳಗೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗಬಹುದು. ಪಕ್ಕದ ಕಾಲುಗಳಿಗೂ ತಾಗಬಾರದು. ಬೋರ್ಡ್ ಜೊತೆ ಬಂದ, ಸ್ಕ್ರೂ ಹಾಕಿದ ಹೀಟ್‌ಸಿಂಕ್ ಬಿಚ್ಚಿದರೆ ಒಳಗಿನ ಥರ್ಮಲ್ ಪ್ಯಾಡ್‌ನ ದಪ್ಪ ಅಳೆದು ಅದೇ ದಪ್ಪದ್ದು ಹಾಕಿ. ತೆಳುವಾದ್ರೆ ಹೀಟ್‌ಸಿಂಕ್ ತಾಗೋದೇ ಇಲ್ಲ. ಆ ಸಂದಿಗೆ ಪೇಸ್ಟ್ ತುಂಬಿ ಸರಿದೂಗಿಸೋಕೆ ಆಗಲ್ಲ.

ಮಾಡಬಾರದ್ದೂ ಇದೆ. ಬೇಸಿಗೆಯಲ್ಲಿ ಮನೆಗೆ ತರೋ ನೀರಿನ ಏರ್ ಕೂಲರನ್ನ ತೆರೆದ ಕ್ಯಾಬಿನೆಟ್‌ಗೆ ಬಿಡಬೇಡಿ, ತೇವ ಬೋರ್ಡಿಗೆ ಶತ್ರು. ಐಸ್, ಒದ್ದೆ ಬಟ್ಟೆ ಹತ್ತಿರ ತರಲೇಬೇಡಿ. ಓಡ್ತಾ ಇರೋವಾಗ ವಿಆರ್‌ಎಂ ಮುಟ್ಟಿ ನೋಡಬೇಡಿ, 90 ಡಿಗ್ರಿ ಅಂದ್ರೆ ಬೆರಳು ಸುಡುತ್ತೆ. ಕ್ಯಾಬಿನೆಟ್ ಬಾಗಿಲು ವರ್ಷಪೂರ್ತಿ ತೆಗೆದಿಡೋದೂ ಒಳ್ಳೇದಲ್ಲ. ಧೂಳು ಮಾತ್ರ ಅಲ್ಲ, ನಮ್ಮ ಮನೆಗಳಲ್ಲಿ ಹಲ್ಲಿಗೂ ಅದು ಬೆಚ್ಚನೆ ಜಾಗ.

ಹೊಸದು ಕೊಳ್ಳೋರಿಗೆ

ಎಸ್‌.ಪಿ. ರೋಡ್‌ಗೆ ಹೋಗೋಕೆ ಮುಂಚೆ, ಅಥವಾ ಆನ್‌ಲೈನ್‌ನಲ್ಲಿ ಆರ್ಡರ್ ಒತ್ತೋಕೆ ಮುಂಚೆ ಎರಡು ವಿಷಯ ನೋಡಿ. ಮೊದಲನೇದು ಡಬ್ಬಿ ಮೇಲಿನ ವ್ಯಾಟ್ ನಂಬಬೇಡಿ. ಇಂಟೆಲ್ ಕೋರ್ ಐ7-12700 ಮೇಲೆ 65 ವ್ಯಾಟ್ ಅಂತ ಇರುತ್ತೆ, ಆದ್ರೆ ಟರ್ಬೋದಲ್ಲಿ ಕಂಪನಿಯೇ ಹೇಳೋ ಮಿತಿ 180. ಐ5-12400 ಕೂಡ 65 ಅಂತಲೇ ಬರೆದಿದ್ದರೂ ಅದರ ಮಿತಿ 117. ಎರಡೂ ಒಂದೇ ಅಗ್ಗದ ಬೋರ್ಡಿನಲ್ಲಿ ಕೂರುತ್ತವೆ, ಬೂಟೂ ಆಗುತ್ತವೆ. ಕೂರೋದು ಬೇರೆ, ದಿನವಿಡೀ ದುಡಿಯೋದು ಬೇರೆ.

ಎರಡನೇದು, ಬಜೆಟ್ ಹಂಚಿಕೆ. ಪ್ರೊಸೆಸರ್‌ಗೇ ದುಡ್ಡೆಲ್ಲ ಸುರಿದು ಬೋರ್ಡ್‌ನಲ್ಲಿ ಉಳಿಸೋದು ಸಾಮಾನ್ಯ ಅಭ್ಯಾಸ. ಅದರ ಬದಲು ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್, ವಿಆರ್‌ಎಂ ಮೇಲೆ ಸ್ಕ್ರೂ ಹಾಕಿದ, ರೆಕ್ಕೆಗಳಿರೋ ಹೀಟ್‌ಸಿಂಕ್ ಇರೋ ಬೋರ್ಡ್ ತಗೊಂಡ್ರೆ ಮೇ ತಿಂಗಳಲ್ಲಿ ನೆಮ್ಮದಿ. ಫೇಸ್‌ಗಳ ಸಂಖ್ಯೆ ದೊಡ್ಡದಾಗಿ ಬರೆದಿದ್ದರೂ ಅದೊಂದನ್ನೇ ನೋಡಬೇಡಿ. ಕೆಲವು ಕಡೆ ಆರನ್ನೇ ಇಬ್ಭಾಗ ಮಾಡಿ ಹನ್ನೆರಡು ಅಂತ ಎಣಿಸಿರ್ತಾರೆ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಓಡಿಸಿ ವಿಆರ್‌ಎಂ ಬಿಸಿ ಅಳೆದಿರೋ ವಿಮರ್ಶೆ ಹುಡುಕಿ ಓದಿ. ಬರೀ ಗೇಮ್, ಕಾಲೇಜ್ ಕೆಲಸ, ಸಿನಿಮಾ ಅಂದ್ರೆ ಐ5 ಮಟ್ಟದ ಪ್ರೊಸೆಸರ್‌ಗೆ ಸಾಧಾರಣ ಬೋರ್ಡ್ ಸಾಕು, ಇದಕ್ಕಾಗಿ ಸಾಲ ಮಾಡಬೇಕಿಲ್ಲ. ಗಂಟೆಗಟ್ಟಲೆ ರೆಂಡರ್ ಹಾಕೋರಿಗೆ, ಕಂಪ್ಯೂಟರಿನಿಂದಲೇ ಹೊಟ್ಟೆಪಾಡು ನಡೆಸೋರಿಗೆ ಮಾತ್ರ ಇದು ಮುಖ್ಯ.

ಇಷ್ಟು ಇವತ್ತಿಗೆ. ನಿಮ್ಮ ಮನೆಯ ಕಂಪ್ಯೂಟರ್ ಮಧ್ಯಾಹ್ನ ಹೊತ್ತು ಮುಗ್ಗರಿಸ್ತಾ ಇದ್ದರೆ, ಈ ಭಾನುವಾರ ಒಂದು ಟೇಬಲ್ ಫ್ಯಾನ್ ಹಿಡ್ಕೊಂಡು ಆ ಪರೀಕ್ಷೆ ಮಾಡಿ ನೋಡಿ. ಹೊಸ ಪ್ರೊಸೆಸರ್ ಕೊಳ್ಳೋಕೆ ಹೊರಟಿರೋ ಗೆಳೆಯರಿದ್ದರೆ, ಅವರು ದುಡ್ಡು ಕೊಡೋಕೆ ಮುಂಚೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಎಸ್‌ಎಂಪಿಎಸ್ ಬಗ್ಗೆ ಮಾತಾಡೋಣ.